ಹಿಗ್ಗದ ದಾರ, ಕೈಯ ಹಳೇ ಚಾಳಿ

ಗಾಳದ ಕೋಲಿಗೆ ನೈಲಾನ್ ಬಿಟ್ಟು ಬ್ರೇಡ್ ದಾರ, ಅಂದರೆ ಜಡೆ ಹೆಣೆದ ದಾರ, ಹಾಕಿದ ಮೊದಲ ದಿನವೇ ರೀಲ್ ಕೆಟ್ಟುಹೋಯಿತು ಅಂದುಕೊಂಡಿದ್ದೆ. ಗಾಳಕ್ಕೆ ಒಂದು ಒಳ್ಳೆ ಗೆಂಡೆ ಸಿಕ್ಕಿತ್ತು. ಮೀನು ಎಳೆದಾಗ ದಾರ ಸುಲಭಕ್ಕೆ ಹೋಗದ ಹಾಗೆ ಹಿಡಿತ ಹಾಕುವ ಡ್ರ್ಯಾಗ್ ಬಿಗಿ ಮಾಡಿದೆ, ದಾರ ಹೋಗುತ್ತಲೇ ಇತ್ತು. ಇನ್ನೂ ಬಿಗಿ ಮಾಡಿದೆ, ಆಗಲೂ ಹೋಗುತ್ತಲೇ ಇತ್ತು. ಹಿಡಿಕೆ ತಿರುಗುತ್ತದೆ, ದಾರ ಮಾತ್ರ ಒಳಗೆ ಬರುವುದಿಲ್ಲ. ಮೀನು ತಪ್ಪಿಸಿಕೊಂಡ ಮೇಲೆ ದಾರ ಸುತ್ತಿಕೊಳ್ಳುವ ಉರುಳೆ, ಅಂದರೆ ಸ್ಪೂಲ್ ಕಳಚಿ, ಸುತ್ತಿದ ದಾರವನ್ನು ಬೆರಳಲ್ಲಿ ಒತ್ತಿ ತಿರುಗಿಸಿದರೆ ಇಡೀ ಸುತ್ತು ಸಡಿಲ ಬಳೆಯ ಹಾಗೆ ಗರಗರ ತಿರುಗಿತು.

ರೀಲ್ ಸರಿಯಾಗೇ ಇತ್ತು. ಬ್ರೇಡ್ ದಾರ ತುಂಬಾ ನುಣುಪು, ಲೋಹದ ಸ್ಪೂಲನ್ನು ಕಚ್ಚಿ ಹಿಡಿಯುವುದೇ ಇಲ್ಲ. ಈಗ ಮೊದಲು ಹತ್ತು ಹದಿನೈದು ಸುತ್ತು ಹಳೇ ನೈಲಾನ್ ದಾರ ಸುತ್ತಿ, ಅದರ ಮೇಲೆ ಬ್ರೇಡ್ ಹಾಕುತ್ತೇನೆ. ಅವಸರ ಇದ್ದರೆ ಸ್ಪೂಲಿಗೆ ಒಂದು ತುಂಡು ಟೇಪ್ ಅಂಟಿಸಿದರೂ ನಡೆಯುತ್ತದೆ. ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ದಾರವನ್ನು ಚೆನ್ನಾಗಿ ಬಿಗಿ ಹಿಡಿದಿರಬೇಕು. ಸಡಿಲ ಸುತ್ತಿದರೆ ದೊಡ್ಡ ಮೀನು ಎಳೆದಾಗ ಮೇಲಿನ ದಾರ ಕೆಳಗಿನ ಸುತ್ತುಗಳ ನಡುವೆ ಹೂತುಕೊಳ್ಳುತ್ತದೆ, ಮುಂದಿನ ಸಲ ಎಸೆದಾಗ ಅರ್ಧ ದಾರಿಯಲ್ಲೇ ಫಟ್ ಅಂತ ನಿಲ್ಲುತ್ತದೆ.

ನಾನು ಬ್ರೇಡಿಗೆ ಬಂದದ್ದು ಜೊಂಡಿನ ಕಾಟಕ್ಕೆ. ನೈಲಾನ್ ದಾರ ಎಳೆದರೆ ನೂರಕ್ಕೆ ಇಪ್ಪತ್ತರಷ್ಟು, ಕೆಲವು ಸಲ ಇನ್ನೂ ಜಾಸ್ತಿ ಹಿಗ್ಗುತ್ತದೆ. ದೂರದಲ್ಲಿ ಮೀನು ಕಚ್ಚಿದ್ದು ಕೈಗೆ ತಲುಪುವಷ್ಟರಲ್ಲಿ ಅದು ಜೊಂಡಿನೊಳಗೆ ಹೊಕ್ಕು ಕೂತಿರುತ್ತಿತ್ತು. ಬ್ರೇಡ್ ಹಿಗ್ಗುವುದೇ ಇಲ್ಲ ಅನ್ನಬಹುದು. ಸಣ್ಣ ಪಾಲಿಥಿಲೀನ್ ಎಳೆಗಳನ್ನು ನಾಲ್ಕೋ ಎಂಟೋ ಪುರಿ ಮಾಡಿ ಜಡೆ ಹೆಣೆದ ದಾರ ಅದು. 20 ಪೌಂಡ್ ತಡೆಯುವ ಬ್ರೇಡ್ ಸುಮಾರು 6ರಿಂದ 8 ಪೌಂಡ್ ನೈಲಾನಿನಷ್ಟೇ ದಪ್ಪ ಇರುತ್ತದೆ. ಎಂಟು ಪುರಿಯದ್ದು ನುಣುಪು, ದಾರ ಹಾಯುವ ಕೋಲಿನ ಬಳೆಗಳಲ್ಲಿ ಸದ್ದಿಲ್ಲದೆ ಓಡುತ್ತದೆ. ಜೊಂಡು ಕೊಯ್ಯುವ ಕೆಲಸಕ್ಕೆ ನನಗೆ ಒರಟಾದ ನಾಲ್ಕು ಪುರಿಯದ್ದೇ ಇಷ್ಟ.

ಆದರೆ ಆ ಹಿಗ್ಗುವ ನೈಲಾನ್ ಇಷ್ಟು ವರ್ಷ ನನ್ನ ತಪ್ಪುಗಳನ್ನೆಲ್ಲ ಮುಚ್ಚಿಟ್ಟಿತ್ತು. ಮೀನು ಮುಟ್ಟಿದ ಕೂಡಲೇ ಕೋಲನ್ನು ತಲೆಯ ಮೇಲಿನವರೆಗೂ ಜಗ್ಗುವುದು ನನ್ನ ಅಭ್ಯಾಸ. ನೈಲಾನಿನಲ್ಲಿ ಆ ಜಗ್ಗಿದ್ದರಲ್ಲಿ ಅರ್ಧ ದಾರದಲ್ಲೇ ಕರಗಿ ಹೋಗುತ್ತಿತ್ತು. ಬ್ರೇಡಿನಲ್ಲಿ ಅಷ್ಟೂ ನೇರ ಮೀನಿನ ಬಾಯಿಗೆ ಹೋಯಿತು. ಒಂದೇ ಬೆಳಿಗ್ಗೆ ಮೂರು ಮೀನು ಬಾಯಿ ಹರಿದುಕೊಂಡು ಹೋದವು. ಗಾಳ ಮೊಂಡಾಗಿದೆ ಅಂತ ಗಾಳ ಬದಲಾಯಿಸಿದೆ, ಮೂರ್ಖತನ ನೋಡಿ. ಈಗ ನಾನು ಜಗ್ಗುವುದೇ ಇಲ್ಲ. ದಾರ ಬಿಗಿಯಾಗುವವರೆಗೆ ಸುತ್ತಿ ಕೋಲನ್ನು ಪಕ್ಕಕ್ಕೆ ಒಂದಿಷ್ಟು ಒಯ್ಯುತ್ತೇನೆ, ಅಷ್ಟೇ. ಡ್ರ್ಯಾಗ್ ಕೂಡ ಮೊದಲಿಗಿಂತ ಸಡಿಲ ಇಡುತ್ತೇನೆ. ಕೋಲೂ ಬದಲಾಯಿತು: ಗಟ್ಟಿ ಕೋಲನ್ನು ಮೂಲೆಗಿಟ್ಟು ಅರ್ಧದವರೆಗೆ ಬಾಗುವ ಮೆತ್ತನೆಯದನ್ನು ತೆಗೆದುಕೊಂಡೆ. ದಾರ ಬಾಗದಿದ್ದರೆ ಬೇರೆ ಏನಾದರೂ ಬಾಗಬೇಕಲ್ವಾ?

ಗಂಟಿನ ಕಥೆ ಬೇರೆ. ಮೀನು ಬಿಟ್ಟುಹೋದಾಗಲೆಲ್ಲ ದಾರ ತುಂಡಾಯಿತು ಅಂತ ಬೈದುಕೊಳ್ಳುತ್ತಿದ್ದೆ. ಒಂದು ದಿನ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರೆ ಅದು ಕಿತ್ತೇ ಇರಲಿಲ್ಲ! ಹಂದಿ ಬಾಲದ ಹಾಗೆ ಸುರುಳಿ ಸುತ್ತಿಕೊಂಡಿತ್ತು. ಅಂದರೆ ಗಂಟೇ ಜಾರಿ ಬಿಚ್ಚಿಕೊಂಡಿತ್ತು. ನೈಲಾನಿಗೆ ಹಾಕುತ್ತಿದ್ದ ಮಾಮೂಲಿ ಗಂಟು ಬ್ರೇಡಿನಲ್ಲಿ ನಿಲ್ಲುವುದಿಲ್ಲ. ಆಮೇಲಿಂದ ಪ್ಯಾಲೋಮರ್ ಗಂಟು ಹಾಕುತ್ತೇನೆ. ದಾರವನ್ನು ಎರಡಾಗಿ ಮಡಚಿ ಗಾಳದ ಕಣ್ಣಲ್ಲಿ ತೂರಿಸಿ, ಸಡಿಲವಾಗಿ ಒಂದು ಗಂಟು ಹಾಕಿ, ಉಳಿದ ಕುಣಿಕೆಯೊಳಗಿಂದ ಇಡೀ ಗಾಳವನ್ನು ದಾಟಿಸಿ, ಎಂಜಲು ಹಚ್ಚಿ ನಿಧಾನಕ್ಕೆ ಎಳೆಯಬೇಕು. ಎಂಜಲು ಸುಮ್ನೆ ಅಲ್ಲ, ಒಣಗಿದ ದಾರ ಉಜ್ಜಿದರೆ ಬಿಸಿಯಾಗುತ್ತದೆ, ಈ ದಾರ ಬಿಸಿ ತಡೆಯುವುದಿಲ್ಲ.

ಜೊಂಡು ತುಂಬಿದ ರಾಡಿ ನೀರಲ್ಲಾದರೆ ಬ್ರೇಡನ್ನು ನೇರ ಗಾಳಕ್ಕೇ ಕಟ್ಟುತ್ತೇನೆ. ತಿಳಿನೀರಿನಲ್ಲಿ ಅದು ಮೀನಿಗೆ ಎದ್ದು ಕಾಣುತ್ತದೆ, ಕಲ್ಲಿಗೆ ತಾಗಿದರೆ ಬೇಗ ಕೂದಲೆದ್ದು ಸವೆಯುತ್ತದೆ. ಹಾಗಾಗಿ ಅಲ್ಲಿ ತುದಿಗೆ ಒಂದೂವರೆ ಮೀಟರ್ ಫ್ಲೋರೋಕಾರ್ಬನ್ ಲೀಡರ್, ಅಂದರೆ ಬ್ರೇಡಿಗೂ ಗಾಳಕ್ಕೂ ನಡುವೆ ಕಟ್ಟುವ ಬೇರೆ ದಾರದ ತುಂಡು, ಬೇಕೇ ಬೇಕು. ಎರಡನ್ನೂ ಸೇರಿಸಲು ಡಬಲ್ ಯೂನಿ ಗಂಟು: ಫ್ಲೋರೋಕಾರ್ಬನ್ ಕಡೆ ನಾಲ್ಕೈದು ಸುತ್ತು, ಬ್ರೇಡ್ ಕಡೆ ಏಳೆಂಟು. ಎಫ್‌ಜಿ ಅನ್ನುವ ಇನ್ನೊಂದು ಗಂಟು ಇದಕ್ಕಿಂತ ಸಣ್ಣದು, ಬಳೆಗಳಲ್ಲಿ ಸಲೀಸಾಗಿ ಹಾಯುತ್ತದೆ. ಆದರೆ ಗಾಳಿಯಲ್ಲಿ ದಡದ ಮೇಲೆ ನಿಂತು ಅದನ್ನು ಕಟ್ಟುವ ತಾಳ್ಮೆ ನನಗಿಲ್ಲ, ಮನೆಯಲ್ಲೇ ಕಟ್ಟಿಕೊಂಡು ಹೋಗುತ್ತೇನೆ.

ಎಸೆದ ಮೇಲೆ ಬೇಲ್ ತಂತಿಯನ್ನು, ಅಂದರೆ ದಾರವನ್ನು ಸ್ಪೂಲಿಗೆ ಸುತ್ತಿಸುವ ರೀಲಿನ ಕಮಾನು ತಂತಿಯನ್ನು, ಹಿಡಿಕೆ ತಿರುಗಿಸಿ ಮುಚ್ಚುತ್ತಿದ್ದೆ, ಅದೂ ಹಳೇ ಚಾಳಿಯೇ. ಹಾಗೆ ಮಾಡಿದಾಗ ಮೊದಲ ಸುತ್ತು ಸಡಿಲವಾಗಿ ಬೀಳುತ್ತದೆ, ನಾಲ್ಕನೇ ಐದನೇ ಎಸೆತಕ್ಕೆ ಅದೇ ಕುಣಿಕೆ ಹೊರಬಂದು ಹಕ್ಕಿಗೂಡಿನಂಥ ಸಿಕ್ಕು. ಬ್ರೇಡಿನ ಸಿಕ್ಕು ಬಿಡಿಸುವುದು ಅಂದರೆ ಸೂಜಿ ಹಿಡಿದು ಕೂರುವ ಕೆಲಸ, ಎಳೆದರೆ ಇನ್ನೂ ಬಿಗಿಯುತ್ತದೆ. ಈಗ ಕೈಯಲ್ಲೇ ಬೇಲ್ ಮುಚ್ಚಿ, ದಾರವನ್ನು ಒಮ್ಮೆ ಎಳೆದು ಬಿಗಿ ಮಾಡಿ, ಆಮೇಲೆ ಸುತ್ತುತ್ತೇನೆ.

ಇನ್ನು ಗಾಳ ತಳದ ಕೊಂಬೆಗೆ ಸಿಕ್ಕಿಕೊಂಡಾಗ ದಾರವನ್ನು ಕೈಗೆ ಸುತ್ತಿ ಎಳೆಯಲೇಬೇಡಿ. ನಾನು ಎಳೆದಿದ್ದೆ. ತೋರುಬೆರಳಿನ ಗೆಣ್ಣಿಗೆ ಬ್ಲೇಡ್ ಹಾಕಿದ ಹಾಗೆ ಕೊಯ್ದಿತು, ಗುರುತು ಇನ್ನೂ ಇದೆ. ಈಗ ಚೀಲದಲ್ಲಿ ಒಂದು ಗೇಣು ಮರದ ತುಂಡು ಇರುತ್ತದೆ, ದಾರವನ್ನು ಅದಕ್ಕೆ ಐದಾರು ಸುತ್ತು ಹಾಕಿ ನೇರ ಹಿಂದಕ್ಕೆ ನಡೆಯುತ್ತೇನೆ. ಕೋಲಿನಲ್ಲಿ ಎಳೆದರೆ ದಾರದ ಬದಲು ಕೋಲೇ ಮುರಿದೀತು.

ಎಲ್ಲದಕ್ಕೂ ಬ್ರೇಡೇ ಅಂತ ಮಾತ್ರ ನಾನು ಹೇಳುವುದಿಲ್ಲ. ಬೆಂಡು ಕಟ್ಟಿ ಸಣ್ಣ ಮೀನು ಹಿಡಿಯುವ ಕೋಲಿಗೆ, ಕಲ್ಲು ಜಾಸ್ತಿ ಇರುವ ಹೊಳೆಗೆ ಇವತ್ತಿಗೂ ನೈಲಾನೇ.

ಮೊನ್ನೆ ದಾರ ತಿರುಗಿಸಿ ಹಾಕಿದೆ. ಎಸೆಯುವಾಗ ಸವೆಯುವುದು ಮೇಲಿನ ನಲವತ್ತು ಐವತ್ತು ಮೀಟರ್ ಮಾತ್ರ, ತಳದಲ್ಲಿ ಇರುವುದು ನೀರನ್ನೇ ನೋಡಿರುವುದಿಲ್ಲ. ಅದಕ್ಕೆ ಇಡೀ ದಾರವನ್ನು ಇನ್ನೊಂದು ಸ್ಪೂಲಿಗೆ, ಅಲ್ಲಿಂದ ಮತ್ತೊಂದಕ್ಕೆ, ಅಲ್ಲಿಂದ ವಾಪಸ್ ರೀಲಿಗೆ ಸುತ್ತಿದೆ. ಬಣ್ಣ ಬಿಟ್ಟು ಬೂದು ಬಣ್ಣಕ್ಕೆ ತಿರುಗಿದ್ದ ಭಾಗ ಒಳಗೆ ಹೋಯಿತು, ಮೇಲೆ ಬಂದದ್ದು ಕಡು ಹಸಿರು, ಕೊಂಡ ದಿನದ ಹಾಗೇ.