ಮಣ್ಣಿಟ್ಟಿಗೆಗೆ ತೆಂಗಿನ ನಾರು: ನನ್ನ ಅನುಭವ

"ನಾರು ಹಗ್ಗಕ್ಕೆ ಸರಿ ಸಾರ್, ಇಟ್ಟಿಗೆಗೆ ಯಾಕೆ?" ಅಂದಿದ್ದರು ನಮ್ಮ ಮೇಸ್ತ್ರಿ. ನಾರು ಬೆರೆಸಿದ ಮಣ್ಣಿಟ್ಟಿಗೆಯ ಆ ಗೋಡೆ ಈಗ ಎರಡು ಮಳೆಗಾಲ ಕಂಡಿದೆ. ಮೇಸ್ತ್ರಿ ತಮ್ಮ ತಂಗಿ ಮನೆಗೆ ಅದೇ ಇಟ್ಟಿಗೆ ಕೇಳುತ್ತಿದ್ದಾರೆ.

ನಮ್ಮದು ತಿಪಟೂರು ಕಡೆ. ಕೆಮ್ಮಣ್ಣು, ಜೇಡಿ ಸ್ವಲ್ಪ ಜಾಸ್ತಿ. ಸುಡುವುದಿಲ್ಲ; ಕೈಯಿಂದ ಒತ್ತಿ ಇಟ್ಟಿಗೆ ಮಾಡುವ ಪ್ರೆಸ್, ಶೇ. 7 ಸಿಮೆಂಟು, ಮೂರು ವಾರ ಗೋಣಿಚೀಲ ಹೊದಿಸಿ ನೀರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) 1974ರಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ 'ಅಸ್ತ್ರ' ಶುರುವಾದ ಮೇಲೆ ಇದೆಲ್ಲ ನಮ್ಮವರಿಗೆ ಹೊಸದೇನಲ್ಲ. ನನ್ನ ತಲೆನೋವು ಬಿರುಕು. ಒಣಗುವಾಗ ಮೂಲೆಯಿಂದ ಕೂದಲೆಳೆಯಷ್ಟು ಶುರು, ಟ್ರ್ಯಾಕ್ಟರಿಗೆ ಹೇರಿ ಇಳಿಸುವಷ್ಟರಲ್ಲಿ ನೂರಕ್ಕೆ ಹತ್ತು ಇಟ್ಟಿಗೆ ಎರಡೆರಡು ಹೋಳು.

ಅದಕ್ಕೇ ನಾರು ಬೆರೆಸಲು ಹೊರಟೆ. ಮೊದಲ ಸಲ ದುರಾಸೆ ಮಾಡಿದೆ. ಗೇಣುದ್ದದ ನಾರು, ತೂಕದಲ್ಲಿ ಶೇ. ಒಂದೂವರೆ. ಉಂಡೆ ಕಟ್ಟಿತು. ಅದಾದರೂ ಪರವಾಗಿಲ್ಲ, ಪ್ರೆಸ್ಸಿನಿಂದ ಹೊರಗೆ ಬಂದ ಇಟ್ಟಿಗೆ ಸ್ಪ್ರಿಂಗ್ ಥರ ನಾಲ್ಕೈದು ಮಿ.ಮೀ. ಮೇಲೆದ್ದು ಪದರ ಬಿಟ್ಟಿತು. 400 ಇಟ್ಟಿಗೆ ಮಣ್ಣುಪಾಲು. ಸಿಮೆಂಟು, ಕೂಲಿ, ಪ್ರೆಸ್ ಬಾಡಿಗೆ ಸೇರಿ ಒಂಬತ್ತು ಸಾವಿರದ ಹತ್ತಿರ. ಸರಿಯಾದ ಲೆಕ್ಕ ನನ್ನ ಹೆಂಡತಿ ಹತ್ತಿರ ಇದೆ, ಆಗಾಗ ಓದಿ ಹೇಳುತ್ತಾಳೆ.

ಆಮೇಲೆ ಎರಡು ಬೆರಳಗಲಕ್ಕೆ ಕತ್ತರಿಸಿದೆ. ಇಟ್ಟಿಗೆಗೆ 40–45 ಗ್ರಾಂ, ಅಂದರೆ ಶೇ. ಅರ್ಧ ಅಷ್ಟೇ. ಮಣ್ಣಿಗೆ ಕಾಲು ಭಾಗ ಕ್ರಷರ್ ಪುಡಿ, ಅಂದರೆ ಜಲ್ಲಿ ಕ್ರಷರಿನ ಕಲ್ಲುಪುಡಿ. ನಾರನ್ನು ರಾತ್ರಿ ನೆನೆಸಿ, ಹಿಂಡಿ, ಬಿಡಿಬಿಡಿಯಾಗಿ ಉದುರಿಸಬೇಕು, ನೀರು ಕೊನೆಗೆ. ನೆನೆಸುವ ನೀರಿಗೆ ಇನ್ನೊಂದು ಪದಾರ್ಥ ಹಾಕುತ್ತೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನೆನೆಸಿದ ಇಟ್ಟಿಗೆ ಒಡೆಸಿದೆ. ಒಡೆಯುವ ಮುಂಚೆ ತಡೆದ ಒತ್ತಡ ನಾರಿಲ್ಲದ್ದು 3.2 ಎಂಪಿಎ (ಮೆಗಾಪ್ಯಾಸ್ಕಲ್, ಒತ್ತಡದ ಅಳತೆ), ನಾರಿನದು 3.4 ಇರಬೇಕು. "ಇಷ್ಟಕ್ಕೇನಾ?" ಅಂದರು ಲ್ಯಾಬಿನವರು. ಅವರು ನೋಡುತ್ತಿದ್ದದ್ದು ಬರೀ ಅಂಕಿ. ನಾನು ನೋಡಿದ್ದು ಒಡೆದ ರೀತಿ. ಸಾದಾ ಇಟ್ಟಿಗೆ ಟಪ್ ಅಂತ ಹೋಯಿತು. ನಾರಿನದಕ್ಕೆ ಮೈತುಂಬ ಸಣ್ಣ ಬಿರುಕು ಬಿತ್ತು, ಆದರೆ ತುಂಡಾಗಲಿಲ್ಲ. ಸೊಂಟದೆತ್ತರದಿಂದ ಬೀಳಿಸಿದರೂ ಅಷ್ಟೇ, ಸೀಳುತ್ತೆ, ಬೇರೆಯಾಗಲ್ಲ. ನಾರು ಹಾಕುವುದು ಬಲಕ್ಕಲ್ಲ, ಹಿಡಿತಕ್ಕೆ.

ಸಿಮೆಂಟಿನಲ್ಲಿ ನಾರು ಬರಬರುತ್ತಾ ಸಾಯುತ್ತೆ ಅನ್ನುವವರಿದ್ದಾರೆ. ನಿಜವೇ. ಆದರೆ ಒಣಗುವ ಬಿರುಕು ಬರುವುದು ಮೊದಲ ಕೆಲವು ವಾರದಲ್ಲಿ, ಒಡೆಯುವುದು ಹೇರಿ ಇಳಿಸುವಾಗ. ಗೋಡೆ ಎದ್ದ ಮೇಲೆ ನಾರಿಗೇನು ಕೆಲಸ?

ಈ ಹುಚ್ಚಿನಲ್ಲಿ ಎರೆಮಣ್ಣಿಗೂ ನಾರು ಹಾಕಿದೆ. ಅದು ಹಿಗ್ಗಿ ಕುಗ್ಗುವ ಜೋರಿಗೆ ನಾರು ಏನು ಮಾಡೀತು? ಅಲ್ಲಿ ಸುಣ್ಣವೇ ಗತಿ. ರಾಗಿ ಹುಲ್ಲು ಕತ್ತರಿಸಿ ಮಣ್ಣಲ್ಲಿ ಹತ್ತು ದಿನ ಕೊಳೆಸಿ ಒಳಗೋಡೆಗೆ ಮೆತ್ತಿದೆ. ನಾತ ಹೊಡೆಯಿತು, ಆದರೆ ಒಂದೂ ಬಿರುಕಿಲ್ಲ. ಒಂದು ಮೂಲೆಗೆ ಮಾತ್ರ ಗೆದ್ದಲು ಬಂತು.

ಈಗ ನೂರಕ್ಕೆ ಎರಡು ಒಡೆದರೆ ಹೆಚ್ಚು. ನಾರಿನ ಖರ್ಚು ಇಟ್ಟಿಗೆಗೆ ಒಂದು ರೂಪಾಯಿಯೂ ಇಲ್ಲ. ಮುಂದಿನ ಸಲ ಸಿಮೆಂಟು ಶೇ. 5ಕ್ಕೆ ಇಳಿಸಬೇಕು ಅಂತಿದ್ದೇನೆ. ಮೇಸ್ತ್ರಿ ಮತ್ತೆ ತಲೆ ಅಲ್ಲಾಡಿಸುತ್ತಿದ್ದಾರೆ.