ಬೆಳಗಾವಿಯಲ್ಲಿ ಕೇಸರಿ: ಹೂವಿಗಿಂತ ಗಡ್ಡೆಯ ಚಿಂತೆ

ಕೇಸರಿ ಗಡ್ಡೆ ನಮ್ಮ ಬೆಳಗಾವಿಯಲ್ಲಿ ಹೂ ಬಿಡುತ್ತದೆಯೇ ಎಂದು ಕೇಳುವವರಿಗೆ, ಮೊದಲ ವರ್ಷ ಬಿಟ್ಟೇ ಬಿಡುತ್ತದೆ, ಆದರೆ ಅದರಲ್ಲಿ ನಮ್ಮ ಕೈಗುಣವೇನೂ ಇಲ್ಲ ಎಂದು ಹೇಳುತ್ತ ಬಂದಿದ್ದೇನೆ. ಕಾಶ್ಮೀರದ ಹೊಲದಲ್ಲಿ ಹಿಂದಿನ ಚಳಿಗಾಲವಿಡೀ ಎಲೆಗಳು ದುಡಿದು ಕೂಡಿಟ್ಟ ಪಿಷ್ಟವನ್ನು ಗಡ್ಡೆ ತನ್ನೊಡನೆ ತಂದಿರುತ್ತದೆ. ಮಣ್ಣಿಲ್ಲದೆ, ನೀರಿಲ್ಲದೆ ಬರಿಯ ತಟ್ಟೆಯಲ್ಲಿಟ್ಟರೂ ಆ ಗಂಟಿನ ಬಲದಿಂದಲೇ ಅದು ಅರಳುತ್ತದೆ. ಹೂ ಬಿಡಿಸಿಕೊಂಡ ಮೇಲೆ ಅದರ ಮರಿಗಡ್ಡೆಗಳು ಮರುವರ್ಷ ಅರಳುವಷ್ಟು ದಪ್ಪವಾಗುತ್ತವೆಯೇ ಇಲ್ಲವೇ ಎಂಬಲ್ಲಿ ಬೆಳೆಗಾರನ ಕೆಲಸ ಶುರುವಾಗುತ್ತದೆ. ತಿಲಕವಾಡಿಯ ನಮ್ಮ ಹಳೆಯ ಮನೆಯ ಉತ್ತರದ ಕೋಣೆಯಲ್ಲೂ ಮಾಳಿಗೆಯ ಮೇಲಿನ ಕುಂಡಗಳಲ್ಲೂ ನಾನು ಕೆಲವು ವರ್ಷಗಳಿಂದ ಬೆನ್ನು ಹತ್ತಿರುವುದು ಇದೊಂದೇ ಪ್ರಶ್ನೆಯನ್ನು.

ಕೇಸರಿ ಸೇರಿರುವ ಕ್ರೋಕಸ್ ಕುಲದ ಬಹುಪಾಲು ಗಿಡಗಳು ಬೇಸಿಗೆ ಒಣಗಿರುವ, ಚಳಿಗಾಲದಲ್ಲಿ ಮಳೆ ಬೀಳುವ ನಾಡುಗಳವು. ಮೆಡಿಟರೇನಿಯನ್ ಸಮುದ್ರದ ಸುತ್ತಿನಿಂದ ಮಧ್ಯ ಏಷ್ಯಾದವರೆಗೆ ಅವು ಹರಡಿಕೊಂಡಿವೆ. ಬೇಸಿಗೆಯಿಡೀ ನೆಲದೊಳಗೆ ಮಲಗಿದ್ದು, ತಂಪು ಬಿದ್ದೊಡನೆ ಎಚ್ಚರಗೊಳ್ಳುವುದು ಅವುಗಳ ಸ್ವಭಾವ. ಗ್ರೀಸಿನ ಕಲ್ಲುಗುಡ್ಡಗಳಲ್ಲಿ ಬೆಳೆಯುವ ಕ್ರೋಕಸ್ ಲೀವಿಗೇಟಸ್ ಅಕ್ಟೋಬರಿನಿಂದ ಜನವರಿಯವರೆಗೆ, ಇಟಲಿಯ ಕ್ರೋಕಸ್ ಇಂಪರೇಟಿ ಜನವರಿಯಿಂದಾಚೆಗೆ ಅರಳುತ್ತವೆ. ನಮ್ಮ ಕೇಸರಿ, ಅಂದರೆ ಕ್ರೋಕಸ್ ಸಟೈವಸ್, ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗಿನ ಹೂ. ಇದು ಕಾಡಿನಲ್ಲಿ ಎಲ್ಲಿಯೂ ಇಲ್ಲ. ವರ್ಣತಂತುಗಳು ಎರಡರ ಬದಲು ಮೂರು ಪ್ರತಿಗಳಲ್ಲಿರುವ ಗಿಡವಾದ್ದರಿಂದ ಬೀಜ ಕಟ್ಟುವುದಿಲ್ಲ. ಮನುಷ್ಯ ಗಡ್ಡೆ ಬಿಡಿಸಿ ನೆಟ್ಟರಷ್ಟೇ ಅದರ ಸಂತಾನ ಮುಂದುವರಿಯುತ್ತದೆ. ಗ್ರೀಸಿನ ಕಾಡುಗಿಡವಾದ ಕ್ರೋಕಸ್ ಕಾರ್ಟ್‌ರೈಟಿಯಾನಸ್‌ನಿಂದಲೇ ಅದು ಹುಟ್ಟಿತೆಂಬುದನ್ನು 2019ರಲ್ಲಿ ಪ್ರಕಟವಾದ ಅನುವಂಶೀಯ ಅಧ್ಯಯನಗಳು ಖಚಿತಪಡಿಸಿದವು.

ನಮ್ಮಲ್ಲಿ ಈ ಪಂಚಾಂಗ ತಿರುಗುಮುರುಗು. ಗಡ್ಡೆ ಒಣಗಿ ಮಲಗಬೇಕಾದ ಜುಲೈ, ಆಗಸ್ಟಿನಲ್ಲೇ ಬೆಳಗಾವಿಯ ಮಳೆ ಜಡಿಯುತ್ತದೆ. ಆದರೂ ಇದರಲ್ಲಿ ಒಂದು ಅನುಕೂಲ ಅಡಗಿದೆ. ಗಡ್ಡೆಯೊಳಗೆ ಹೂವಿನ ಮೊಗ್ಗು ರೂಪುಗೊಳ್ಳಲು 23ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಎರಡು ತಿಂಗಳಿಗೂ ಹೆಚ್ಚು ಕಾಲ ಸಿಗಬೇಕು. 30 ಡಿಗ್ರಿಯ ಸುತ್ತ ಹೂವಿನ ಸಂಖ್ಯೆ ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಘಟ್ಟದ ಮಗ್ಗುಲಲ್ಲಿ ಇರುವ ನಮ್ಮ ಊರಿನ ಮಳೆಗಾಲ ಹೆಚ್ಚುಕಡಿಮೆ ಅದೇ ಹದದಲ್ಲಿರುತ್ತದೆ. ವಿಜಯಪುರ, ಬಾಗಲಕೋಟೆಗಳಲ್ಲಿ ಈ ಹದಕ್ಕೆ ಕೋಣೆಯನ್ನು ತಂಪು ಮಾಡಬೇಕಾದೀತು. ಇಲ್ಲಿ ಕಿಟಕಿ ತೆರೆದಿಟ್ಟರೆ ಸಾಕು. ಉಷ್ಣತೆ ಒಪ್ಪಿದರೂ ತೇವ ಮಾತ್ರ ಒಪ್ಪುವುದಿಲ್ಲ. ಹೊರಗಿನ ಬಟ್ಟೆಯೇ ಬೂಸು ಹಿಡಿಯುವ ಹವೆಯಲ್ಲಿ ಗಡ್ಡೆಯ ನಾರುಸಿಪ್ಪೆ ಸುಮ್ಮನಿರುತ್ತದೆಯೇ? ಹಾಗಾಗಿ ಗಡ್ಡೆ ಬಂದ ದಿನವೇ ಒಂದೊಂದನ್ನೂ ಕೈಯಲ್ಲಿ ಒತ್ತಿ ನೋಡಿ, ಮೆತ್ತಗಿರುವುದನ್ನೂ ಕಂದು ಕಲೆ ಇರುವುದನ್ನೂ ಬೇರೆ ತೆಗೆಯುತ್ತೇನೆ. ಉಳಿದವನ್ನು ಜಾಲರಿಯ ತಳದ ತಟ್ಟೆಗಳಲ್ಲಿ, ಮೊಳಕೆಯ ತುದಿ ಮೇಲಾಗಿ, ಒಂದಕ್ಕೊಂದು ತಾಗದಂತೆ ಹರಡಿ ಸಣ್ಣ ಫ್ಯಾನ್ ಹಾಕಿಡುತ್ತೇನೆ. ಕೊಳೆರೋಗ ತರುವ ಫ್ಯುಸೇರಿಯಂ ಬೂಸು ಒಂದು ಗಡ್ಡೆಗೆ ಹೊಕ್ಕರೆ ಪಕ್ಕದವಕ್ಕೂ ದಾಟುತ್ತದೆ. ಔಷಧದಲ್ಲಿ ಅದ್ದುವುದಕ್ಕಿಂತ ಗಾಳಿಯಾಟವೇ ಹೆಚ್ಚು ಕಾಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಚಿತ್ತಿ ಮಳೆ ಮುಗಿಯುವ ಹೊತ್ತಿಗೆ ಗಡ್ಡೆಯ ನೆತ್ತಿಯಿಂದ ಬಿಳಿಯ ಚೂಪು ಮೊಳಕೆ ಎರಡು, ಮೂರು ಸೆಂಟಿಮೀಟರ್ ಎದ್ದಿರುತ್ತದೆ. ಆಗ ಕೋಣೆಯನ್ನು 17 ಡಿಗ್ರಿಗೆ ಇಳಿಸಬೇಕು. ಆ ತಂಪಿಲ್ಲದೆ ಒಳಗೆ ಸಿದ್ಧವಾದ ಮೊಗ್ಗು ಹೊರಬರುವುದಿಲ್ಲ. ಅಕ್ಟೋಬರಿನಲ್ಲಿ ನಮ್ಮ ರಾತ್ರಿಗಳು ಅದರ ಹತ್ತಿರಕ್ಕೆ ಬಂದರೂ ಹಗಲು 30 ಡಿಗ್ರಿ ಮುಟ್ಟುವುದರಿಂದ ಮೂರು ವಾರಗಳ ಮಟ್ಟಿಗೆ ಎಸಿ ಅನಿವಾರ್ಯ. ಎಸಿ ಗಾಳಿಯ ತೇವವನ್ನು ಹೀರುವುದರಿಂದ ಮೊಗ್ಗು ತುದಿಯಲ್ಲೇ ಒಣಗುವ ಸಂಭವವಿದೆ. ಒದ್ದೆ ಗೋಣಿಚೀಲಗಳನ್ನು ಗೋಡೆಗೆ ತೂಗುಹಾಕಿ ತೇವಾಂಶವನ್ನು ಶೇಕಡಾ 80ರ ಆಸುಪಾಸಿನಲ್ಲಿ ಉಳಿಸಿಕೊಳ್ಳುತ್ತೇನೆ. ಮೊಗ್ಗು ಹೊರಬರುವುದನ್ನು ಹತ್ತಿರದಿಂದ ನೋಡಬೇಕು. ಬಿಳಿ ಪೊರೆ ಸೀಳಿ ನೇರಳೆ ತುದಿ ಇಣುಕಿ, ಬೆಳ್ಳಗಿನ ಕೊಳವೆಯ ಮೇಲೆ ಮೇಲೇಳುತ್ತದೆ. ತೊಟ್ಟೆಂದು ನಾವು ತಿಳಿಯುವುದು ವಾಸ್ತವವಾಗಿ ಹೂವಿನದೇ ಕೊಳವೆ. ಅಂಡಾಶಯ ಕೆಳಗೆ ಗಡ್ಡೆಯ ನೆತ್ತಿಯ ಹತ್ತಿರವೇ ಇರುತ್ತದೆ. ಆರು ಎಸಳು ಬಿಚ್ಚಿದಾಗ ಒಳಗೆ ಪರಾಗ ಹೊತ್ತ ಮೂರು ಹಳದಿ ಕೇಸರಗಳೂ, ಅವುಗಳ ನಡುವಿನಿಂದ ಎಸಳಿನಾಚೆಗೆ ಜೋತುಬೀಳುವ ಮೂರು ಕೆಂಪು ಶಲಾಕೆಗಳೂ ಕಾಣುತ್ತವೆ. ಮಸಾಲೆಯಾಗುವುದು ಈ ಕೆಂಪು ಎಳೆಗಳು ಮಾತ್ರ.

ಕೇಸರಗಳು ಮೂರೇ ಎಂಬುದನ್ನು ಮನಸ್ಸಿನಲ್ಲಿಡಬೇಕು. ಇದೇ ಆಕಾರದ ಹೂ ಬಿಡುವ ಕಾಲ್ಚಿಕಂ ಎಂಬ ವಿಷಗಿಡಕ್ಕೆ ಆರು ಕೇಸರಗಳಿರುತ್ತವೆ. ಖಾನಾಪುರದ ಕಡೆ ಮಳೆಗಾಲದಲ್ಲಿ ಬೇಲಿಗಳ ಮೇಲೆ ಹಬ್ಬುವ ಅಗ್ನಿಶಿಖೆ ಅದರ ಕುಟುಂಬದ್ದೇ. ಎರಡರಲ್ಲೂ ಕಾಲ್ಚಿಸಿನ್ ಎಂಬ ಒಂದೇ ವಿಷವಿದೆ. ಗುರುತು ಸಿಗದ ಗಡ್ಡೆಯನ್ನಾಗಲೀ ಹೂವನ್ನಾಗಲೀ ಬಾಯಿಗೆ ತರಬಾರದು.

ಹೂವನ್ನು ಬೆಳಿಗ್ಗೆ ಅದು ಪೂರ್ತಿ ಬಿಚ್ಚುವ ಮುನ್ನವೇ ಕಿತ್ತು, ಎಳೆಗಳನ್ನು ಬಿಡಿಸಿ, ಬಿಳಿ ಹಾಳೆಯ ಮೇಲೆ ನೆರಳಲ್ಲಿ ಒಣಗಿಸುತ್ತೇನೆ. ಹಸಿ ಎಳೆಗೆ ಪರಿಮಳ ತೀರ ಕಡಿಮೆ. ಒಣಗುವಾಗ ಪಿಕ್ರೊಕ್ರೋಸಿನ್ ಎಂಬ ಕಹಿಯಂಶ ಒಡೆದು ಸಫ್ರನಾಲ್ ಆದಾಗಲೇ ನಮಗೆ ಪರಿಚಿತವಾದ ವಾಸನೆ ಬರುತ್ತದೆ. ಒಣಗಿದ ಮೇಲೆ ತೂಕ ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ಒಂದು ಗ್ರಾಂ ಕೇಸರಿಗೆ ಸುಮಾರು 150 ಹೂ ಬೇಕು. ಹತ್ತು ಗ್ರಾಂ ತೂಕದ ಗಡ್ಡೆಯೊಂದು ಒಂದೋ ಎರಡೋ ಹೂ ಕೊಡುವುದರಿಂದ ಕಿಲೋ ಗಡ್ಡೆಗೆ ಒಂದು ಗ್ರಾಂ ಕೇಸರಿ ಎಂದು ಹಿಡಿಯಬಹುದು. ಒಂದು ಕೋಣೆಯಲ್ಲಿ ಲಕ್ಷಾಂತರ ಸಂಪಾದನೆ ಎಂದು ತರಬೇತಿ ಮಾರುವವರ ಮಾತು ಕೇಳುವ ಮೊದಲು, ಗಡ್ಡೆಯ ಬೆಲೆ ಮತ್ತು ಕರೆಂಟ್ ಬಿಲ್ಲನ್ನು ಈ ಲೆಕ್ಕದ ಎದುರಿಗಿಟ್ಟು ನೋಡುವುದು ಒಳ್ಳೆಯದು. ಮರಿಗಡ್ಡೆ ದಪ್ಪವಾಗದಿದ್ದರೆ ಬಂಡವಾಳವೇ ವರ್ಷವರ್ಷ ಕರಗುತ್ತದೆ.

ಹೂ ಮುಗಿದ ವಾರದೊಳಗೆ ಗಡ್ಡೆಗಳು ಮಣ್ಣಿಗೆ ಇಳಿಯಬೇಕು. ಕಾಶ್ಮೀರದ ಪಾಂಪೋರಿನಲ್ಲಿ ಕರೇವಾ ಎನ್ನುವ ದಿಬ್ಬಗಳ ಮೇಲೆ ಚೌಕಾಕಾರದ ಎತ್ತರದ ಮಡಿಗಳನ್ನು ಮಾಡಿ ನಾಲ್ಕೂ ಕಡೆ ಕಾಲುವೆ ತೋಡಿರುವುದನ್ನು ನೋಡಿ ಬಂದಮೇಲೆ, ಮಣ್ಣಿನ ಗುಣಕ್ಕಿಂತ ನೀರು ಬಸಿಯುವುದೇ ಮುಖ್ಯವೆಂದು ನನಗೆ ಮನವರಿಕೆಯಾಯಿತು. ಎರೆ ಮಣ್ಣು ಇದಕ್ಕೆ ಆಗದು. ಮಸಾರಿ ಮಣ್ಣಿಗೆ ದಪ್ಪ ಮರಳನ್ನೂ ಚೆನ್ನಾಗಿ ಕಳಿತ ಸಗಣಿ ಗೊಬ್ಬರವನ್ನೂ ಬೆರೆಸಿ, ಗಡ್ಡೆಯನ್ನು ಹತ್ತು ಸೆಂಟಿಮೀಟರ್ ಆಳದಲ್ಲಿ ನೆಡುತ್ತೇನೆ. ಮೇಲೆ ಹೆಗ್ಗಣಗಳಿಗಾಗಿ ತಂತಿಬಲೆ ಹಾಸುತ್ತೇನೆ. ನಡುವೆ ಬಿಳಿಗೆರೆಯಿರುವ ಸಣ್ಣ ಹುಲ್ಲಿನಂಥ ಎಲೆಗಳು ಎದ್ದಾಗ, “ಇಷ್ಟ್ಯಾಕ ಜೋಪಾನ ಮಾಡ್ತೀರಿ, ಉಳ್ಳಾಗಡ್ಡಿ ಹಚ್ಚೀರೇನ್ರಿ?” ಎಂದು ನೆರೆಮನೆಯ ಕಾಕೂ ಕೇಳುತ್ತಾರೆ. ಉಳ್ಳಾಗಡ್ಡಿಯಂತೆ ಇದರಲ್ಲಿ ಪದರಗಳಿಲ್ಲ. ಒಳಗೆಲ್ಲ ಗಟ್ಟಿ ಪಿಷ್ಟವೇ. ಎಲೆ ಬಿಸಿಲುಂಡಷ್ಟೂ ಹಳೆಯ ಗಡ್ಡೆ ಸೊರಗಿ, ಪ್ರತಿ ಮೊಳಕೆಯ ಬುಡದಲ್ಲಿ ಹೊಸ ಗಡ್ಡೆ ಊದಿಕೊಳ್ಳುತ್ತದೆ. ಕಡೆಗೆ ತಾಯಿಗಡ್ಡೆ ಕಾಗದದ ತೆಳುವಿನ ಬಿಲ್ಲೆಯಾಗಿ ಉಳಿಯುತ್ತದೆ.

ಕಾಶ್ಮೀರದಲ್ಲಿ ಈ ಎಲೆ ಏಪ್ರಿಲ್ ದಾಟುವವರೆಗೂ ಹಸಿರಾಗಿರುತ್ತದೆ. ಬೆಳಗಾವಿಯಲ್ಲಿ ಜನವರಿಯ ರಾತ್ರಿ 14, 15 ಡಿಗ್ರಿಗೆ ಇಳಿದರೂ ಫೆಬ್ರವರಿ ಕಳೆಯುವುದರೊಳಗೆ ಹಗಲಿನ ಬಿಸಿಲು ಏರಿ, ಎಲೆಯ ತುದಿ ಹಳದಿಯಾಗತೊಡಗುತ್ತದೆ. ಎಲೆ ಕಳೆದುಕೊಂಡ ಒಂದೊಂದು ವಾರವೂ ಗಡ್ಡೆಯ ತೂಕದಿಂದ ಮುರಿದುಕೊಂಡಂತೆಯೇ. ಇದಕ್ಕೆ ನಾನು ಕಂಡುಕೊಂಡ ಉಪಾಯಗಳು ಸಣ್ಣವು, ಆದರೆ ಫಲ ಕೊಟ್ಟಿವೆ. ಸಂಕ್ರಾಂತಿಯವರೆಗೆ ಕುಂಡಗಳಿಗೆ ಪೂರ್ತಿ ಬಿಸಿಲು. ಅಲ್ಲಿಂದಾಚೆ ಮಧ್ಯಾಹ್ನ ಮಾತ್ರ ಹಸಿರು ನೆರಳುಬಲೆ. ಕುಂಡದ ಮೈ ಕಾಯದಂತೆ ಸುತ್ತಲೂ ಕಬ್ಬಿನ ರವದಿ ಹೊದಿಸುತ್ತೇನೆ. ಎಲೆಗೊಂಚಲನ್ನು ತೆಳುಗೊಳಿಸಿ ಗಡ್ಡೆಗೆ ಎರಡೋ ಮೂರೋ ಮೊಳಕೆಗಳನ್ನಷ್ಟೇ ಉಳಿಸಿಕೊಂಡರೆ ಮರಿಗಳ ಸಂಖ್ಯೆ ಕುಗ್ಗುತ್ತದೆ, ಗಾತ್ರ ಹಿಗ್ಗುತ್ತದೆ. ಈ ಕೆಲಸವನ್ನು ಮೊಳಕೆ ಎಳೆಯದಾಗಿದ್ದಾಗಲೇ ಬೆರಳಿನಿಂದ ಚಿವುಟಿ ಮುಗಿಸಬೇಕು.

ವಸಂತದಲ್ಲಿ ಅರಳುವ ಡಚ್ ಕ್ರೋಕಸ್‌ಗಳನ್ನೂ ತರಿಸಿ ನೋಡಿದ್ದೇನೆ. ಅವಕ್ಕೆ 9 ಡಿಗ್ರಿಗಿಂತ ಕಡಿಮೆ ತಂಪು ಹತ್ತು, ಹನ್ನೆರಡು ವಾರ ಬೇಕಾದ್ದರಿಂದ ಫ್ರಿಜ್ಜಿನಲ್ಲೇ ಇಡಬೇಕು. ಜೊತೆಗೆ ಬಾಳೆ, ಸೇಬುಗಳನ್ನಿಟ್ಟರೆ ಹಣ್ಣು ಬಿಡುವ ಎಥಿಲೀನ್ ಅನಿಲದಿಂದ ಮೊಗ್ಗು ಸಾಯುತ್ತದೆ. ಹೂ ಚೆಂದವೇ, ಆದರೆ ನಮ್ಮ ಮಾರ್ಚಿನ ಬಿಸಿಲಿಗೆ ಗಡ್ಡೆ ಉಳಿಯುವುದಿಲ್ಲ. ಒಂದೇ ಸಲದ ಸಂತೋಷಕ್ಕೆ ಅಷ್ಟು ಖರ್ಚು ನನಗೆ ಒಗ್ಗಲಿಲ್ಲ.

ಎಲೆ ಪೂರ್ತಿ ಒಣಗಿದ ಮೇಲೆ ನೀರು ನಿಲ್ಲಿಸಿ, ಯುಗಾದಿ ಕಳೆದು ಗಡ್ಡೆ ಅಗೆದು, ಮಣ್ಣು ಕೊಡವಿ ಒಂದೊಂದನ್ನೂ ತೂಗುತ್ತೇನೆ. ಎಂಟು ಗ್ರಾಂ ಮೀರಿದವು ಹೂವಿನ ತಟ್ಟೆಗೆ ಹೋಗುತ್ತವೆ. ಅದಕ್ಕಿಂತ ಚಿಕ್ಕವು ಬಹುತೇಕ ಹೂ ಬಿಡುವುದಿಲ್ಲವಾದ್ದರಿಂದ ಅವನ್ನು ಎಸಿ ಕೋಣೆಗೆ ತರುವ ಗೋಜೇ ಇಲ್ಲ. ಅಕ್ಟೋಬರಿನಲ್ಲಿ ನೇರವಾಗಿ ಕುಂಡಕ್ಕೆ ನೆಟ್ಟು ಎಲೆ ಬೆಳೆಸಿದರೆ, ಅವುಗಳಲ್ಲಿ ಒಂದಷ್ಟು ಮರುವರ್ಷ ಆ ತೂಕ ಮುಟ್ಟುತ್ತವೆ. ಕೊರತೆ ಬಿದ್ದಷ್ಟನ್ನು ಮಾತ್ರ ಹೊಸದಾಗಿ ತರಿಸಿಕೊಳ್ಳುತ್ತೇನೆ.