ಹಳೆ ಹಾಡು, ಹೊಸ ಹಾಡು: ಕಂಪ್ಯೂಟರ್‌ನಲ್ಲಿ ಸದ್ದು ಹದ ಮಾಡುವುದು ಹೇಗೆ?

ಹುಬ್ಬಳ್ಳಿ-ಧಾರವಾಡದ ಎಷ್ಟೋ ಸಂಗೀತಪ್ರಿಯರ ಮನೆಯಲ್ಲಿ ಹಳೆ ಬೈಠಕ್‌ಗಳು (ಸಣ್ಣ ಕಛೇರಿಗಳ ರೆಕಾರ್ಡಿಂಗ್) ಈಗ ಕ್ಯಾಸೆಟ್ ಬಿಟ್ಟು ಕಂಪ್ಯೂಟರ್ ಸೇರಿವೆ. ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಹಾಡು ಸಣ್ಣಗೆ ಕೇಳುತ್ತದೆಂದು ವಾಲ್ಯೂಮ್ ಏರಿಸುತ್ತೀರಿ. ಮುಂದಿನ ಫೈಲ್ ಹೊಸ ಸಿಡಿಯದು, ಕಿವಿಗೆ ಬಡಿಯುತ್ತದೆ. ಆಗ ಬಹಳ ಜನ ವಿಂಡೋಸ್‌ನ ‘ಲೌಡ್‌ನೆಸ್ ಈಕ್ವಲೈಸೇಷನ್’ ಆನ್ ಮಾಡಿಬಿಡುತ್ತಾರೆ. ದಯವಿಟ್ಟು ಬೇಡ. ಅದು ಸಣ್ಣ ಸದ್ದನ್ನು ಎತ್ತಿ ದೊಡ್ಡದನ್ನು ಅದುಮುತ್ತದೆ. ಹಾಡುವವರು ಉಸಿರಿಗೆ ನಿಂತರೆ ಸಾಕು, ತಂಬೂರಿ ಮುನ್ನುಗ್ಗುತ್ತದೆ, ಹಿಂದೆಯೇ ಕ್ಯಾಸೆಟ್ಟಿನ ಗೊರಗೊರ. ಸುದ್ದಿ, ಭಾಷಣಕ್ಕಾದರೆ ಇರಲಿ.

ಮೊದಲು ಪ್ಲೇಯರ್‌ನ ವಾಲ್ಯೂಮ್ 100ರಲ್ಲಿ, ವಿಂಡೋಸ್‌ನದ್ದು 80ರಲ್ಲಿ ಇಡಿ. ಉಳಿದದ್ದನ್ನು ಸ್ಪೀಕರ್ ಗುಂಡಿಯಲ್ಲಿ ನೋಡಿಕೊಳ್ಳಿ. ವಿಎಲ್‌ಸಿ ಪ್ಲೇಯರ್‌ನಲ್ಲಿ 100 ದಾಟಿಸಿದರೆ ಸದ್ದು ಒಡೆಯಬಹುದು. ಬ್ರೌಸರ್‌ಗೆ ಸಿಗುವ ‘ವಾಲ್ಯೂಮ್ ಬೂಸ್ಟರ್’ಗಳದ್ದೂ ಅದೇ ಕತೆ, ಹಾಕಲೇಬೇಡಿ.

ಆಮೇಲೆ ಸ್ಪೀಕರ್ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ, ‘ವಾಲ್ಯೂಮ್ ಮಿಕ್ಸರ್’ನಲ್ಲಿ ‘ಸಿಸ್ಟಮ್ ಸೌಂಡ್ಸ್’ (ವಿಂಡೋಸ್ ಮಾಡುವ ಟಿಣ್ ಟಿಣ್ ಸದ್ದು) ಇಳಿಸಿ.

ಜನ ಎಡವುವುದು ಮುಂದಿನ ಹಂತದಲ್ಲಿ. ಉಚಿತವಾಗಿ ಸಿಗುವ ಫೂಬಾರ್2000 ಎಂಬ ಪ್ಲೇಯರ್ ಹಾಕಿಕೊಳ್ಳಿ. ಫೈಲ್‌ಗಳನ್ನು ಆರಿಸಿ, ರೈಟ್ ಕ್ಲಿಕ್ ಮಾಡಿದರೆ ‘ರೀಪ್ಲೇಗೇನ್’ ಸಿಗುತ್ತದೆ. ಅದು ಪ್ರತಿ ಫೈಲ್ ಎಷ್ಟು ಜೋರಿದೆ ಎಂದು ಅಳೆದು, ಎಷ್ಟು ಏರಿಸಬೇಕು, ಇಳಿಸಬೇಕು ಎಂಬುದನ್ನು ಟ್ಯಾಗ್‌ನಲ್ಲಿ (ಫೈಲ್ ಜೊತೆಗಿರುವ ಮಾಹಿತಿ ಚೀಟಿ) ಬರೆದಿಡುತ್ತದೆ. ಹಾಡಿನ ಧ್ವನಿ ಇದ್ದಂತೆಯೇ ಇರುತ್ತದೆ. ಇಲ್ಲಿ ‘ಟ್ರ್ಯಾಕ್’, ‘ಆಲ್ಬಮ್’ ಎಂಬ ಎರಡು ದಾರಿಗಳಿವೆ. ಬೇರೆ ಬೇರೆ ಗ್ರಾಮಫೋನ್ ತಟ್ಟೆಯ ಬಿಡಿ ಹಾಡುಗಳಿಗೆ ಟ್ರ್ಯಾಕ್ ಸರಿ. ಆದರೆ ಒಂದೇ ಬೈಠಕ್ ಅನ್ನು ಆಲಾಪ, ವಿಲಂಬಿತ (ನಿಧಾನ ಲಯ), ದ್ರುತ (ವೇಗದ ಲಯ) ಎಂದು ಕತ್ತರಿಸಿಟ್ಟಿದ್ದೀರಾ? ಆಗ ಆಲ್ಬಮ್ಮೇ ಬೇಕು. ಟ್ರ್ಯಾಕ್ ಒತ್ತಿದರೆ ಮೆಲ್ಲಗೆ ಶುರುವಾದ ಆಲಾಪವೂ ದ್ರುತದ ಎತ್ತರಕ್ಕೆ ಬರುತ್ತದೆ. ಗಾಯಕರು ಮೆಲ್ಲಮೆಲ್ಲಗೆ ಕಟ್ಟಿದ ಏರಿಕೆಯೇ ಹೋಯಿತು, ಅಲ್ವಾ?

ಈ ಅಳತೆ, ಅಂದರೆ ಸ್ಕ್ಯಾನ್, ಮುಗಿಸಿ ಸುಮ್ನೆ ಕೂತರೆ ಏನೂ ಬದಲಾಗದು. ಫೂಬಾರ್‌ನ ‘ಪ್ರಿಫರೆನ್ಸಸ್’ನ ‘ಪ್ಲೇಬ್ಯಾಕ್’ನಲ್ಲೂ ಟ್ರ್ಯಾಕೋ ಆಲ್ಬಮ್ಮೋ ಆರಿಸಲೇಬೇಕು. ಜೊತೆಗೆ ಸದ್ದು ಒಡೆಯದಂತೆ ತಡೆಯುವ ‘ಪ್ರಿವೆಂಟ್ ಕ್ಲಿಪ್ಪಿಂಗ್’ ಇರುವ ಆಯ್ಕೆಯನ್ನೇ ಒತ್ತಿ. ಹೊಸ ಸಿಡಿಗಳ ಸದ್ದು ಈಗ ಸಾಕಷ್ಟು ಇಳಿಯುತ್ತದೆ. ಹೆದರಬೇಡಿ, ಸ್ಪೀಕರ್ ಗುಂಡಿ ತಿರುಗಿಸಿ.

ಕ್ಯಾಸೆಟ್ಟಿನಿಂದ ಇಳಿಸಿದ್ದು ಒಂದೇ ಕಡೆ ಕೇಳುತ್ತಿದ್ದರೆ ಬ್ಯಾಲೆನ್ಸ್ ಮುಟ್ಟಬೇಡಿ. ವಿಂಡೋಸ್ 11ರ ‘ಆಕ್ಸೆಸಿಬಿಲಿಟಿ’ಯಲ್ಲಿ ‘ಮೋನೋ ಆಡಿಯೋ’ ಆನ್ ಮಾಡಿ, ಎರಡೂ ಕಡೆ ಬರುತ್ತದೆ.

ಕಂಪ್ಯೂಟರ್‌ನಲ್ಲೇ ಕರೆ ಮಾತಾಡುವವರಿಗೆ ಇನ್ನೊಂದು ಕಿರಿಕಿರಿ ಇದೆ. ಕರೆ ಬಂದರೆ ವಿಂಡೋಸ್ ಉಳಿದ ಸದ್ದನ್ನು ತಾನಾಗಿಯೇ ಶೇ 80ರಷ್ಟು ತಗ್ಗಿಸುತ್ತದೆ. ಹಳೆಯ ಸೌಂಡ್ ಕಂಟ್ರೋಲ್ ಪ್ಯಾನೆಲ್‌ನ ‘ಕಮ್ಯುನಿಕೇಷನ್ಸ್’ಗೆ ಹೋಗಿ ‘ಡೂ ನಥಿಂಗ್’ ಒತ್ತಿ.